ಕ್ಯಾರೋಲಿನ್‌ಳ ಇಂಜೆಕ್ಷನ್

...ಅದನ್ನೇ ಹೇಳ್ತಾ ಇದ್ದೇನೆ ಮಾರಾಯ್ತಿ, ಕಾರು ಹತ್ತಿದಲ್ಲಿಂದ! ಡಾಕ್ಟ್ರೇ ಹೇಳಿದ್ರಲ್ಲ, ಈ ಇಂಜೆಕ್ಷನ್ ನಿನಗೆ ಹಿಡಿಯಲಿಲ್ಲ ಅಂತ? ಖಲಾಸ್. ನೀನು ಊರಿಗೆ ಹೋಗು, ನಿನ್ನ ಅಮ್ಮನ ಹತ್ರ ಎಣ್ಣೆ ತಿಕ್ಕಿಸಿಕೊಂಡು ಕೂತ್ಕೋ. ನಮ್ಮ ಮಗಳು ಓಲಿವಿಯಾ ಇಲ್ಲೇ ಗಲ್ಫಿನಲ್ಲಿ, ಸೊಹಾರಿನಲ್ಲಿ ಇರ್ತಾಳೆ, ಅವಳಿಗೆ ಸ್ಕೂಲುಂಟು. ನನ್ನ ಅಕ್ಕ ರೋಸಲಿಂಡ್ ನೋಡ್ಕೊಳ್ತಾಳೆ.

ಎಂತ ನಗುದು? ಓ... ಅಳುದಾ. ಈಗೀಗ ನಿನ್ನ ಮುಖದಲ್ಲಿ ಎರಡೂ ಒಂದೇ.

ಕಾಯಿಲೆಯಾದರೂ ಎಂಥದ್ದು! ಮೊದಲು ಮೊಣಕೈಯಲ್ಲಿ ಬಿಳಿ ಹೊಟ್ಟು, ಸೋರಿಯಾಸಿಸ್ ಅಂದ್ರು. ಆಮೇಲೆ ಉಗುರಲ್ಲಿ ಗುಳಿ. ಆಮೇಲೆ ಗಂಟುನೋವು, ಮೈಯ ಕಾವಲು ಪಡೆ ಮೈಯನ್ನೇ ಕಡಿಯುದಂತೆ! ರಕ್ತದ ರಿಪೋರ್ಟ್ ನೋಡಿದ್ರೆ ನೆಗೆಟಿವ್. ಈ ಕಾಯಿಲೆಯಲ್ಲಿ ಹಾಗೇ ಬರುದು ಅಂತ ಡಾಕ್ಟ್ರು ಹೇಳಿದ್ರು, ಹೌದು, ಹೌದು, ನನಗೂ ಕಿವಿ ಉಂಟು. ಆದರೂ ಅಕ್ಕನ ಹತ್ರ ಹೇಳಿದೆ, ಇವಳದ್ದು ಅರ್ಧ ನಾಟಕ ಅಂತ. ತಪ್ಪಾ?

ಇಂಜೆಕ್ಷನ್ ಸುರು ಮಾಡಿದಾಗ ಗುಣ ಆಗಿತ್ತು, ಒಪ್ತೇನೆ. ಈಸ್ಟರಿಗೆ ಮಗಳ ಜಡೆ ಹೆಣೆದಿದ್ದಿ. ಆಮೇಲೆ ಏಕ್‌ದಂ ಬೆರಳೆಲ್ಲ ಬುಡದಿಂದ ತುದಿವರೆಗೆ ಊದಿತು. ಮದ್ದಿಗೆ ಮೈ ಒಗ್ಗಿ ಹೋಯ್ತು, ಅಷ್ಟೇ! ಮದ್ದು ಐಸ್ ಹಿಡಿದದ್ದು ಕಾರಣ ಅಂತ ಯಾರೂ...

ಎಂತ ಹಾಗೆ ನೋಡುದು?

ಐಸ್ ಅಂತ ಡಾಕ್ಟ್ರು ಹೇಳಿದ್ದಲ್ವಾ? ಮದ್ದು ಫ್ರಿಜ್ಜಲ್ಲಿ ಇಟ್ಟಿದ್ರಾ ಅಂತ ಕೇಳಿದ್ರು, ನೀನು ಹೌದು ಅಂದೆ... ಹಾಂ. ಅಷ್ಟೇ ಕೇಳಿದ್ದು.

ಮಾತಾಡು ಕ್ಯಾರೋಲಿನ್!

ಆಯ್ತು. ಈಸ್ಟರ್ ಕಳೆದು ಊರಿಂದ ನಿನ್ನ ಇಂಜೆಕ್ಷನ್ ಪೆನ್ನು ತರುವಾಗ ಬೇರೆ ಪೆಟ್ಟಿಗೆ ಎಲ್ಲಿತ್ತು? ನನ್ನ ಅಮ್ಮ ಫ್ರೀಜರಲ್ಲಿ ಕಲ್ಲು ಮಾಡಿ ಕಟ್ಟಿಕೊಟ್ಟ ಮರುವಾಯಿ ಚಿಪ್ಪು, ಕಾಣೆ ಮೀನು... ಅದೇ ಥರ್ಮಾಕೋಲ್ ಪೆಟ್ಟಿಗೆಯ ಮಧ್ಯ ತುರುಕಿದೆ. ತಂಪಲ್ವಾ ಬೇಕಾದದ್ದು? ಇಲ್ಲಿ ಬಿಚ್ಚಿದ್ರೆ ಮದ್ದೂ ಗಟ್ಟಿ! ಫಾರ್ಮಸಿಯ ಜೂಲಿಯನ್ ಹೇಳಿದ, ಬಿಸಾಡಿ, ಕರಗಿದ್ರೂ ಪ್ರಯೋಜನ ಇಲ್ಲ ಅಂತ. ನಿನಗೆ ಹೇಳ್ಬೇಕು ಅಂತಲೇ ಇದ್ದೆ... ಮೀನಿನ ಆಸೆಗೆ ಹೆಂಡತಿಯ ಮದ್ದು ಹಾಳು ಮಾಡಿದ ಅಂತ ನಿನ್ನ ಅಣ್ಣಂದಿರು ಜನ್ಮವಿಡೀ ಆಡಿಕೊಳ್ಳುದಿಲ್ವಾ? ಅದೇ ಪೆನ್ನು ಒರೆಸಿ ಫ್ರಿಜ್ಜಲ್ಲಿ ಇಟ್ಟೆ.

ಕೈ ಯಾಕೆ ಎಳ್ಕೊಂಡದ್ದು? ಕೂತ್ಕೋ, ಬಾಗಿಲು ತೆಗಿಬೇಡ! ನಿನ್ನನ್ನು ನಾನು ನೋಡ್ಕೊಳ್ಳಲಿಲ್ವಾ? ಪೆನ್ನು ಒತ್ತಲಿಕ್ಕೆ ನಿನ್ನ ಬೆರಳಿಗೆ ಬಲ ಇಲ್ಲ ಅಂತ, ಪ್ರತೀ ಸಲ, ಇನ್ನು ಗುಣ ಆಗ್ತದೆ ಅಂತ ಹೇಳಿ ಹೇಳಿ... ನಾನೇ ಅಲ್ವಾ ಚುಚ್ಚಿದ್ದು?