ಮಗಳ ಮೊದಲ ಸಹಿ

“ಹಲೋ... ಹಾಂ, ಹಲೋ... ಯಾರು ಮಾತಾಡ್ತಿರೋದು?”

“... ನಮಸ್ಕಾರ ಮೇಡಂ. ಹೇಳಿ ಮೇಡಂ, ನಾನೇ. ಅರ್ಜಿ ನಂದೇ...”

“... ಏನು? ಯಾರು?... ಪುಟ್ಟೀನಾ? ನೀನೇನೇ? ನಿನ್ನ ನಂಬರ್ ಅಲ್ವಲ್ಲ ಇದು. ಅರ್ಜಿ ಬರೆದುಕೊಟ್ಟ ಮೇಡಂ ಅಂದ್ಕೊಂಡೆ ಕಣೇ. ಬೇಜಾರು ಮಾಡ್ಕೋಬೇಡ. ಶೀತ ಆಗಿದ್ಯಾ? ದನಿ ಯಾರೋ ದೊಡ್ಡೋರ ಥರ ಇತ್ತು...”

ಹೆತ್ತ ಮಗಳನ್ನು ಮೇಡಂ ಎಂದು ಕರೆದ ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು. ಅವಳದೇನೂ ತಪ್ಪಿಲ್ಲ ಬಿಡಿ. ಮಗಳ ಫೋನು ಬರುವುದು ಭಾನುವಾರ, ಇವತ್ತು ಬುಧವಾರ. ಆ ಭಾನುವಾರದ ಮಾತೂ ಈಚೆಗೆ ಊಟ ಆಯ್ತಾ, ಹ್ಞೂಂ, ಓದ್ತಿದೀಯಾ, ಹ್ಞೂಂ ಎಂಬಲ್ಲಿಗೆ ಬಂದು ನಿಂತಿತ್ತು. ಆ ತುದಿಯಲ್ಲಿ ಮಗಳು ಏನೆನ್ನುತ್ತಾಳೋ ನಮಗೆ ಕೇಳಿಸುವುದಿಲ್ಲ. ಈ ತುದಿಯಲ್ಲಿ ನಲವತ್ತೆರಡು ವರ್ಷದ ಒಬ್ಬ ಹೆಂಗಸು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ, ತೀರಿಹೋದ ಅಕ್ಕನ ಬರಿ ಮಂಚದ ಮೇಲೆ ಕೂತಿದ್ದಾಳೆ. ಅವಳ ಬಾಯಲ್ಲಿ ಬಂದಷ್ಟೇ ನಮಗೂ ಸಿಕ್ಕುವುದು.

“... ಆಫೀಸಿನ ಒಳಗಿದೀಯಾ? ಗೋಡೆ ಫೋನಿಂದ?... ಹಾಂ, ಹಾಂ, ಮೊಬೈಲು ಬಾಗಿಲಲ್ಲೇ ಇಸ್ಕೋತಾರೆ, ಗೊತ್ತು. ಅಪ್ಪ ಪಕ್ಕದಲ್ಲಿದಾರಾ?... ಬಂದಿಲ್ವಾ? ಬಸ್ಸು ಬಿಟ್ಟು ಬರೋಕಾಗಲ್ಲ ಅಂದ್ರಾ... ಸರಿ, ಪಾಪ, ಡ್ರೈವರು ಇಲ್ದೆ ಬಸ್ಸು ತಾನಾಗಿ ಹೋಗುತ್ತಾ. ಹಾಗಾದ್ರೆ ಒಬ್ಬಳೇ ಹೋಗಿದೀಯ ಅನ್ನು. ಯಾಕೆ ಕರೆಸಿದ್ರು? ತೀರ್ಮಾನ ಬಂತಂತಾ?...”

ಏಳು ವರ್ಷದ ಹಿಂದೆ ಅವಳು ಎರಡೇ ತಿಂಗಳಿಗೆಂದು ಬಂದವಳು. ಗಂಡ, ಹನ್ನೊಂದು ವರ್ಷದ ಮಗಳು, ಪರದೆ ಹೊಲಿಯುವ ಕಾರ್ಖಾನೆಯ ಕೆಲಸ, ಎಲ್ಲವನ್ನೂ ಆ ದೇಶದಲ್ಲಿ ಬಿಟ್ಟು ಒಂದು ಕೈಚೀಲ ಹಿಡಿದು ಬಂದಳು. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತಾಯಿ ಇಲ್ಲದ ಮನೆಯಲ್ಲಿ ಇವಳನ್ನು ಸಾಕಿದ ಅಕ್ಕ ಅವಳು. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲ ಕಲಿಸಿದವಳು, ತಂಗಿಯ ಮದುವೆ ಮಾಡಿ ತನ್ನದನ್ನು ಮರೆತವಳು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಒಂದೊಂದು ಸಲಕ್ಕೆ ನಾಲ್ಕು ಗಂಟೆ. ಕೈಹಿಡಿದು ಕರೆದೊಯ್ಯಲು ಬೇರೆ ನರಪಿಳ್ಳೆ ಇರಲಿಲ್ಲ. ಅಕ್ಕನನ್ನು ಅಲ್ಲಿಗೇ ಕರೆಸಿಕೊಳ್ಳೋಣವೆಂದರೆ ಅಂಥ ಕಾಯಿಲೆಯವಳಿಗೆ ಆ ದೇಶ ವೀಸಾ ಕೊಡಲಿಲ್ಲ. ಹೀಗೆ ಎರಡು ತಿಂಗಳು ಏಳು ವರ್ಷವಾಯಿತು. ನಡುವೆ ಒಂದೇ ಒಂದು ಸಲ ಗಂಡ ಮಗಳು ಹದಿನೈದು ದಿನಕ್ಕೆ ಬಂದು ಹೋದರು. ಅಕ್ಕ ಕಣ್ಣು ಮುಚ್ಚಿ ಈಗ ನಾಲ್ಕು ತಿಂಗಳು.

ಇವಳು ಹೊರಟು ನಿಲ್ಲುವಷ್ಟರಲ್ಲಿ ಇವಳ ಕಾಯಂ ವಾಸದ ಕಾರ್ಡು ಸತ್ತು ಎಷ್ಟೋ ಕಾಲವಾಗಿತ್ತು. ಅಷ್ಟು ದಿನ ಹೊರಗಿದ್ದವರ ಕಾರ್ಡು ತಾನಾಗಿ ಸಾಯುತ್ತದಂತೆ. ಅದಕ್ಕೆ ಮತ್ತೆ ಜೀವ ಬರಿಸಲು ಒಂದು ಅರ್ಜಿ ಇದೆ. ಅದರಲ್ಲಿ ಎರಡು ಮಾತು ರುಜುವಾತಾಗಬೇಕು. ತಡವಾದದ್ದು ನನ್ನ ಕೈಮೀರಿ ಎನ್ನುವುದು ಒಂದು. ಮರಳಿ ಬರುವ ಉದ್ದೇಶವನ್ನು ನಾನು ಎಂದೂ ಬಿಟ್ಟಿರಲಿಲ್ಲ ಎನ್ನುವುದು ಇನ್ನೊಂದು. ಇದು ತಪ್ಪಿದರೆ ಗಂಡನ ಕಡೆಯಿಂದ ಹೊಸದಾಗಿ ಹಾಕಬೇಕು. ಅದರ ಸರದಿ ಒಂಬತ್ತು ವರ್ಷ.

“... ಇಲ್ಲ ಅಂದ್ರಾ?... ತಡಿ, ತಡಿ. ಪೂರ್ತಿ ಇಲ್ಲ ಅಂದ್ರಾ, ಇನ್ನೂ ಕಾಗದ ಕೇಳ್ತಿದಾರಾ?... ಕೈಲಿದ್ಯಲ್ಲ, ಓದು. ಓಡಿಸಬೇಡ ಪುಟ್ಟಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳು.”

“... ಹಾಂ... ಆಸ್ಪತ್ರೆ ಕಾಗದ ಎಲ್ಲ ಒಪ್ಕೊಂಡಿದಾರೆ. ಸದ್ಯ. ಮುಂದೆ?... ಉದ್ದೇಶ ನಾನೇ ಬಿಟ್ಟೆ ಅಂತಾನಾ? ಯಾರು ಹೇಳಿದ್ದು ಅವರಿಗೆ?... ಯಾವ ಪತ್ರ? ನಾನು ಬರೆದಿದ್ದಾ? ಯಾರಿಗೆ?... ಕಾರ್ಖಾನೆ ಯಜಮಾನಿಗಾ? ಅವಳು ನಮ್ಮ ಕಡೆಯವಳು ಕಣೇ. ಅವಳ್ಯಾಕೆ ಹಾಗೆ ಮಾಡ್ತಾಳೆ...”

ಯಜಮಾನಿ ನಿಜಕ್ಕೂ ಇವಳ ಕಡೆಯವಳೇ. ಕೆಲಸದ ದಾಖಲೆ ಬೇಕು ಎಂದು ಆಫೀಸಿನವರು ಕೇಳಿದಾಗ, ಕಾಗದ ಹೆಚ್ಚಿದಷ್ಟೂ ಒಳ್ಳೆಯದೆಂದು ಇವಳ ಹೆಸರಿನ ಇಡೀ ಫೈಲನ್ನೇ ಎತ್ತಿ ಕಳಿಸಿಬಿಟ್ಟಿದ್ದಾಳೆ. ಉಪಕಾರ ಮಾಡುವ ಉತ್ಸಾಹದಲ್ಲಿ ಒಳಗೇನಿದೆ ಎಂದು ಯಾರು ತಿರುವಿ ನೋಡುತ್ತಾರೆ?

“... ಮಿಷನ್... ಮುಸುಕು ತೆಗೀರಿ ಅಂತ... ಹಾಂ. ಸಾಕು. ಓದಬೇಡ. ಗೊತ್ತಾಯ್ತು.”

ಕೆಳಗೆ ಅಂಗಡಿಯವನು ಚಕ್ರ ತಿರುಗಿಸಿ ತಿರುಗಿಸಿ ಅಂಕುಡೊಂಕು ನೋಡುತ್ತಿದ್ದ. ಅದರ ಕಟಕಟ ಸದ್ದು ಮೇಲಿನವರೆಗೂ ಬರುತ್ತಿತ್ತು.

“... ಹೇಳ್ತೀನಿ, ಕೇಳು. ನಮ್ಮ ಕಾರ್ಖಾನೇಲಿ ಒಂದು ಕ್ರಮ ಇತ್ತು. ರಜದ ಮೇಲೆ ಹೋದೋರ ಮಿಷನ್ನಿಗೆ ಬಟ್ಟೆ ಮುಸುಕು ಹಾಕಿ, ಹೆಸರಿನ ಚೀಟಿ ಪಿನ್ ಮಾಡಿ ಇಡೋರು. ಅವರು ಬರೋವರೆಗೂ ಅದರ ಮೇಲೆ ಇನ್ನೊಬ್ಬರನ್ನ ಕೂರಿಸೋ ಹಾಗಿಲ್ಲ. ಪಿನ್ನಮ್ಮ ನೆನಪಿದಾಳಾ ನಿಂಗೆ? ಯಾವಾಗ್ಲೂ ಬಾಯಲ್ಲಿ ಪಿನ್ನು ಕಚ್ಕೊಂಡೇ ಮಾತಾಡೋಳು... ಅವಳೇ. ಅವಳಿಗೆ ಕಾಯಂ ಕೆಲಸ ಆಗಬೇಕಾದ್ರೆ ಒಂದು ಮಿಷನ್ನು ಖಾಲಿ ಆಗಬೇಕಿತ್ತು. ಖಾಲಿ ಇದ್ದದ್ದು ನನ್ನದೊಂದೇ. ಅದಕ್ಕೂ ಮುಸುಕು. ಎರಡು ಪುಟ್ಟ ಮಕ್ಕಳನ್ನ ಕಟ್ಕೊಂಡು ದಿನಗೂಲಿಗೆ ಬರ್ತಿದ್ಲು ಕಣೇ... ಅದಕ್ಕೆ ಬರೆದೆ. ನಾನು ಬರೋದಿಲ್ಲ, ಮುಸುಕು ತೆಗೆದು ಅವಳಿಗೆ ಕೊಡಿ ಅಂತ. ಅಷ್ಟೇ.”

“... ಹೌದು, ‘ಬರೋದಿಲ್ಲ’ ಅಂತ್ಲೇ ಬರೆದೆ. ಇನ್ನೇನು ಬರೀಲಿ? ಬರ್ತೀನೇನೋ ಅಂದ್ರೆ ಮುಸುಕು ತೆಗೀತಿರಲಿಲ್ವಲ್ಲ...”

ಆ ಕಡೆಯಿಂದ ಏನೋ ಮಾತು ಉದ್ದಕ್ಕೆ ಬಂತು. ಕೇಳುತ್ತಾ ಕೇಳುತ್ತಾ ಅವಳು ಮಂಚದಿಂದ ಎದ್ದು ನಿಂತಳು. ಮುಖಕ್ಕೆ ಒಂದಿಷ್ಟು ರಕ್ತ ಬಂತು.

“... ಇನ್ನೊಂದು ದಾರಿ ಇದ್ಯಾ? ಹೇಳು... ಮನೇಲಿರೋ ದೊಡ್ಡೋರು ಯಾರಾದ್ರೂ ಪ್ರಮಾಣಪತ್ರ ಕೊಡಬೇಕು. ಅಪ್ಪಂದು ಮೊದಲೇ ಕೊಟ್ಟಾಗಿದೆ... ಹಾಂ, ಇನ್ನೊಬ್ಬರದು. ಇನ್ಯಾರಿದಾರೆ ಮನೇಲಿ... ನೀನಾ?... ಅಯ್ಯೋ, ಹೌದಲ್ಲ. ಹೋದ ವಾರ ತಾನೇ ಹದಿನೆಂಟು ತುಂಬಿತು. ನೋಡು, ನನ್ನ ಲೆಕ್ಕದಲ್ಲಿ ನೀನಿನ್ನೂ ಎರಡು ಜಡೆಯವಳೇ. ಸಹಿ ಹಾಕೋಷ್ಟು ದೊಡ್ಡ ಮನುಷ್ಯಳಾದೆ ಅನ್ನು. ಮೊದಲನೇ ಸಲಾನಾ?... ಹಾಂ, ಕಾನೂನಿನ ಕಾಗದಕ್ಕೆ ಮೊದಲನೇದು. ಮದುವೆ ಹೆಣ್ಣಿನ ಥರ ಕೈ ನಡುಗಿಸಬೇಡ ಮತ್ತೆ.”

ಅವಳು ನಕ್ಕಳು. ಮಗಳು ನಗಲಿಲ್ಲವೆಂದು ಇವಳ ನಗು ಅರ್ಧಕ್ಕೇ ನಿಂತದ್ದರಿಂದ ಗೊತ್ತಾಯಿತು.

“... ಇವತ್ತೇನಾ? ಎಷ್ಟೊತ್ತಿಗೆ ಕೌಂಟರ್ ಕಿಟಕಿ ಮುಚ್ತಾರೆ?... ಇನ್ನು ಇಪ್ಪತ್ತು ನಿಮಿಷ ಇದೆ. ಮತ್ಯಾಕೆ ನಿಂತಿದೀಯ, ಹೋಗು, ಹಾಕಿ ಬಾ... ಏನು?... ಏನು ಕೇಳ್ತಿದೀಯ?”

“... ತಾರೀಕಾ? ಪತ್ರದ ತಾರೀಕು ಯಾಕೆ ಈಗ?... ನಂಗೆಲ್ಲಿ ನೆನಪಿರುತ್ತೆ ಪುಟ್ಟಿ, ಆರು ವರ್ಷ ಆಯ್ತಲ್ಲ...”

ಆದರೆ ಅವಳಿಗೆ ನೆನಪಿತ್ತು. ಆ ತಾರೀಕು ಒಂದು ಶುಕ್ರವಾರ. ಅಕ್ಕನನ್ನು ಒಳಗೆ ಯಂತ್ರಕ್ಕೆ ಹಚ್ಚಿದ್ದರು. ಹೊರಗಿನ ಬೆಂಚಿನ ಬಳಿ ಡಾಕ್ಟರು ನಿಂತು, ಒಳ್ಳೆಯ ಸುದ್ದಿಯೆಂದೇ ಮುಖ ಅರಳಿಸಿ, ನಿಮ್ಮಕ್ಕ ಚೆನ್ನಾಗಿ ತಡೆದುಕೊಳ್ಳುತ್ತಿದ್ದಾರೆ, ಹೀಗೆ ಹತ್ತು ವರ್ಷ ಬದುಕಿದವರೂ ಇದ್ದಾರೆ ಎಂದರು. ಅವಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮರುಕ್ಷಣವೇ ಆ ಹತ್ತನ್ನು ಮಗಳ ವಯಸ್ಸಿಗೆ ಕೂಡಿಸಿ ನೋಡಿದಳು. ಇಪ್ಪತ್ತೆರಡಾಯಿತು. ಒಳಗೆ ಹೋಗಿ ನರ್ಸಿನ ಹತ್ತಿರ ಒಂದು ಹಾಳೆ, ಒಂದು ಪೆನ್ನು ಕೇಳಿ ತಂದು, ಅದೇ ಬೆಂಚಿನ ಮೇಲೆ ಪತ್ರ ಬರೆದಳು.

“... ಕಾಗದದಲ್ಲೇ ಇದ್ಯಾ ತಾರೀಕು?... ಹಾಂ, ಆ ಭಾನುವಾರ ನಿನ್ನ ಹತ್ತಿರ ಮಾತಾಡಿದ್ದೆ. ಹೌದು. ಪತ್ರ ಹಾಕಿ ಎರಡು ದಿನಕ್ಕೆ...”

“... ಹೌದು. ಬೇಸಿಗೆಗೆ ಬರ್ತೀನಿ ಅಂದಿದ್ದೆ.”

“... ನಾಟಕಕ್ಕೂ ಬರ್ತೀನಿ ಅಂದಿದ್ದೆ. ಹೌದು ಕಣಮ್ಮ. ನೀನು ನನಗೆ ಅಂತ ಕುರ್ಚಿ ಹಿಡಿದಿಟ್ಟಿದ್ದೆ. ಅಪ್ಪ ಹೇಳಿದ್ರು. ಅದರ ಮೇಲೆ ನಿನ್ನ ಸ್ವೆಟರ್ ಇಟ್ಟಿದ್ದೆ, ಪರದೆ ಬೀಳೋವರೆಗೂ ಯಾರನ್ನೂ ಕೂರೋಕೆ ಬಿಡಲಿಲ್ಲ ಅಂತ...”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗಳಿಗೆ ಕೇಳಿಸದಂತೆ ಫೋನನ್ನು ಆ ಕ್ಷಣ ಭುಜಕ್ಕೆ ಒತ್ತಿ ಹಿಡಿದಿದ್ದಳು. ಮತ್ತೆ ಕಿವಿಗಿಟ್ಟಾಗ ಮಗಳು ಇನ್ನೇನೋ ಕೇಳುತ್ತಿದ್ದಳು. ಬಹಳ ಸಣ್ಣ ಪ್ರಶ್ನೆಯೇ ಇರಬೇಕು, ಬೇಗ ಮುಗಿಯಿತು.

“... ಪಿನ್ನಮ್ಮನ ಸಲುವಾಗಿಯೇ ಬರೆದಿದ್ದು ಅಂತ ಹೇಳಿದ್ನಲ್ಲ...”

“... ಅದಲ್ವಾ ನೀನು ಕೇಳಿದ್ದು?... ಹಾಂ.”

“... ಇನ್ನೊಂದ್ಸಲ ಹೇಳು. ಕಾಗದದಲ್ಲಿ ಹೇಗೆ ಬರೆದಿದೆ, ಹಾಗೇ ಹೇಳು.”

“... ‘ನನ್ನ ತಾಯಿ ಮರಳಿ ಬರುವ ಉದ್ದೇಶವನ್ನು ಒಂದು ದಿನಕ್ಕೂ ಬಿಟ್ಟಿರಲಿಲ್ಲ ಎಂದು ನಾನು ಬಲ್ಲೆ’... ಅದರ ಕೆಳಗೆ ನಿನ್ನ ಸಹಿ. ನಾನು ಹೌದು ಅಂದ್ರೆ ಹಾಕ್ತೀಯ.”

ಹೌದು ಎನ್ನಲು ಎಷ್ಟು ಹೊತ್ತು ಬೇಕು? ಒಂದು ಉಸಿರು ಸಾಕು. ಆ ಒಂದು ಮಾತಿಗೆ ಕಾರ್ಡು ಎದ್ದು ಕೂರುತ್ತಿತ್ತು, ಕಟ್ಟಿಟ್ಟ ಪೆಟ್ಟಿಗೆ ಮೆಟ್ಟಿಲಿಳಿಯುತ್ತಿತ್ತು, ಒಂದು ತಿಂಗಳಲ್ಲಿ ಅವಳು ಮಗಳ ಕೂದಲು ಬಾಚುತ್ತಿರುತ್ತಿದ್ದಳು. ಏಳು ವರ್ಷ ಪ್ರತಿ ಭಾನುವಾರ ಅವಳು ಸುಳ್ಳು ಹೇಳಿದ್ದಳು, ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು. ಇನ್ನೊಂದು ಹೇಳಿದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಅಷ್ಟೆಲ್ಲ ಭಾನುವಾರಗಳಲ್ಲಿ ಒಮ್ಮೆಯೂ ಮಗಳು ಹೀಗೆ ನೇರವಾಗಿ, ನಿಜ ಹೇಳು ಎಂದು ಕೇಳಿರಲಿಲ್ಲ.

“... ಪುಟ್ಟಿ... ಆವತ್ತು ಬಿಟ್ಟಿದ್ದೆ.”

“... ಕೇಳಿಸ್ತು ನಿಂಗೆ. ಆವತ್ತು ನಿಜವಾಗಿ ಬಿಟ್ಟಿದ್ದೆ. ಪಿನ್ನಮ್ಮ ಒಂದು ನೆಪ ಆದ್ಲು. ಇನ್ನು ನಾನು ಹೋಗೋದಿಲ್ಲ, ಅಪ್ಪ ಮಗಳು ಹೊಂದ್ಕೋತಾರೆ, ಅಕ್ಕನಿಗೆ ಯಾರಿದಾರೆ ಅಂತ ತೀರ್ಮಾನ ಮಾಡಿಯೇ ಬರೆದೆ. ಭಾನುವಾರ ಅದನ್ನೇ ನಿಂಗೆ ಹೇಳಬೇಕು ಅಂತ ಫೋನ್ ಎತ್ತಿದ್ದು. ನೀನು ‘ಅಮ್ಮಾ, ನಂಗೆ ರಾಣಿ ಪಾತ್ರ ಸಿಕ್ತು’ ಅಂದೆ. ಹೇಳೋಕಾಗ್ಲಿಲ್ಲ...”

“... ಎಷ್ಟು ದಿನ ಅಂತಾನಾ? ಹೇಗೆ ಹೇಳ್ಲಿ... ನೀನು ರಾಣಿ ಅಂದಿದ್ದೇ ತಡ, ಮನಸ್ಸು ಅಲ್ಲಿಗೆ ಓಡಿತು. ಆಮೇಲೆ ಒಂದು ದಿನಾನೂ ಇಲ್ಲಿ ನೆಲೆ ನಿಲ್ಲಲಿಲ್ಲ. ಆದ್ರೆ ಆ ಎರಡು ದಿನ ಇದೆಯಲ್ಲ, ಶುಕ್ರವಾರ, ಶನಿವಾರ, ಅದು ನಿಜ. ನಿನ್ನ ಬಿಟ್ಟಿದ್ದೆ ನಾನು.”

“... ಅಳಬೇಡ. ಅಲ್ಲಿ ಜನ ನೋಡ್ತಾರೆ... ಪುಟ್ಟಿ... ಅತ್ಕೋ, ಸರಿ, ಅತ್ಕೋ.”

ಕೆಳಗಿನ ಕಟಕಟ ಯಾವಾಗಲೋ ನಿಂತಿತ್ತು. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಸಾವಿರ ಮೈಲಿ ಆಚೆ ಅಳುವ ಮಗಳ ಬೆನ್ನು ಸವರಲು ಆಗದೆ, ಆ ಸರಳನ್ನೇ ಮೇಲಿನಿಂದ ಕೆಳಕ್ಕೆ ಸವರುತ್ತಿದ್ದಳು. ಅವಳಿಗೆ ತನ್ನ ಮೇಲೆ ಅಸಹ್ಯವೂ ಆಯಿತು, ಎದೆ ಹಗುರವೂ ಆಯಿತು.

“... ಕರೀತಿದಾರಾ? ನಿನ್ನ ನಂಬರಾ?... ಬೇಗ ಹೇಳ್ತೀನಿ, ಕೇಳು. ಸಹಿ ಹಾಕಬೇಡ.”

“... ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ, ನಿಜ. ನಿಂಗೆ ಗೊತ್ತಿರುತ್ತಲ್ಲ. ನಿನ್ನ ಹೆಸರು ಮೊದಲನೇ ಸಲ ಒಂದು ಕಾಗದದ ಮೇಲೆ ಕೂರ್ತಿದೆ. ಅದು ನನ್ನ ಸುಳ್ಳಿನ ಕೆಳಗೆ ಕೂರೋದು ಬೇಡ. ಏಳು ವರ್ಷ ನಾನು ಹೇಳಿದ ಸುಳ್ಳನ್ನ ನೀನು ನಂಬಿ ಬದುಕಿದೆ, ಇನ್ನು ನೀನೇ ಅದನ್ನ ಹೇಳೋಳಾಗಬೇಡ. ಹೊಸ ಅರ್ಜಿ ಹಾಕೋಣ. ಕಾಯ್ತೀನಿ. ಒಂಬತ್ತು ವರ್ಷ ತಾನೇ...”

“... ಏನಂದೆ? ಜೋರಾಗಿ ಹೇಳು, ಆ ಕಡೆ ಗಲಾಟೆ...”

“... ಈಗಲೂ ನಂಗೆ ಬರೋ ಮನಸ್ಸಿಲ್ಲ, ಅದಕ್ಕೇ ಬೇಡ ಅಂತಿದೀನಿ ಅಂತಾನಾ?... ಅಲ್ಲ. ಪುಟ್ಟಿ, ಅಲ್ಲ ಕಣೇ. ಹಾಗೆ ಅಂದ್ಕೊಂಡು ಫೋನ್ ಇಡಬೇಡ. ಕಿಟಕಿ ಹತ್ತಿರ ಆಮೇಲೆ ಹೋಗು, ಒಂದೇ ನಿಮಿಷ. ನಂಗೆ ನಿನ್ನ ಬಿಟ್ರೆ ಇನ್ಯಾರೂ... ಹಲೋ... ಪುಟ್ಟಿ, ಬರಬೇಕು ಅಂತಾನೇ ನಾನು...”

“ಹಲೋ... ಹಲೋ...”

ಮಗಳು ಫೋನು ಇಟ್ಟಾಗಿತ್ತು. ಅದು ಗೋಡೆಯ ಫೋನು. ತಿರುಗಿ ಮಾಡಿದರೆ ಹತ್ತು ಸಲ ಬಡಿದುಕೊಂಡು ಸುಮ್ಮನಾಯಿತು. ಅಲ್ಲಿ ಕಿಟಕಿ ಮುಚ್ಚಲು ಇನ್ನೂ ನಾಲ್ಕು ನಿಮಿಷವಿತ್ತು. ಆ ನಾಲ್ಕು ನಿಮಿಷವೂ ಅವಳು ಸತ್ತ ಫೋನನ್ನು ಕಿವಿಗೊತ್ತಿಕೊಂಡು, ಬರ್ತೀನಿ ಕಣೇ, ಬರ್ತೀನಿ ಎನ್ನುತ್ತಲೇ ಇದ್ದಳು.