ಅವ್ವ ಅಂದ್ರೆ ಯಾರು

ಬರೀ ತಲೆ ಅಲ್ಲಾಡಿಸಿದ್ರೆ ನಾನು ಏನಂತ ತಿಳ್ಕೊಳ್ಳಲಿ ಅತ್ತೆ? ಬಾಯಿಬಿಟ್ಟು ಹೇಳಿ. ಮನೆಗೆ ಬರ್ತೀರೋ, ಇಲ್ಲಾ ಮಗಳ ಮನೇಲೇ ಇದ್ದುಬಿಡ್ತೀರೋ? ಬಂದಾಗಿಂದ ನಾನೊಬ್ಬಳೇ ಮಾತಾಡ್ತಿದ್ದೀನಿ. ಗಾಳಿ ಜೊತೆ ಗುದ್ದಾಡಿದ ಹಾಗಿದೆ.

ಕೂತ್ಕೊಳ್ಳಿ, ಏನೂ ಬೇಡ ನನಗೆ. ನೀರು ಕುಡಿದೇ ಬಂದಿದ್ದೀನಿ, ಮಗೂಗೂ ಹಾಲು ಕುಡಿಸೇ ಎತ್ಕೊಂಡು ಬಂದೆ.

ಅಲ್ಲ, ನಾನು ಅಂದಿದ್ದಾದ್ರೂ ಏನು? ಮಗು ಮುಂದೆ ನಿಮ್ಮ ಊರ ಕಡೆ ಮಾತು ಆಡ್ಬೇಡಿ ಅಂದೆ. ಅಷ್ಟಕ್ಕೇ ಬ್ಯಾಗ್ ತುಂಬ್ಕೊಂಡು ಹೊರಟ್ರಿ. ಫ್ಯಾನ್ ಹಚ್ಚು, ಲೈಟ್ ಹಚ್ಚು... ನಮ್ಮ ಕಡೆ ಹಚ್ಚೋದು ಅಂದ್ರೆ ಬೆಂಕಿ. ಬಟ್ಟೆ ಹೊಲಿಸೋಕೆ ಬಂದವರೆಲ್ಲ ಮುಸಿಮುಸಿ ನಗ್ತಾರೆ. ನಾಳೆ ಇವಳನ್ನ ಸ್ಕೂಲಲ್ಲಿ ಆಡ್ಕೊಂಡ್ರೆ?... ಯಾಕೆ ನಗ್ತೀರಿ?

ಸ್ಕೂಲಿಗೆ ಇನ್ನೂ ವಯಸ್ಸಾಗಿಲ್ಲ, ಗೊತ್ತು. ಈಗ ತಾನೆ ನಾಲ್ಕು ಮಾತು ಕಲಿತಿದ್ದಾಳೆ, ಅದೂ ಗೊತ್ತು. ಹಾಗೆ ನೋಡ್ಬೇಡಿ ಅತ್ತೆ.

...ಸರಿ. ಸ್ಕೂಲು ಒಂದು ನೆಪ.

ನಾನು ದಿನವಿಡೀ ಮೆಷಿನ್ ಮುಂದೆ. ಉಣ್ಣಿಸೋದು ನೀವು, ಮಲಗಿಸೋದು ನೀವು. ಮಗು ಮೊದಲ ಸಲ ಬಾಯಿ ತೆಗೆದು ಅವ್ವ ಅಂತು. ಅಮ್ಮ ಅನ್ನಲಿಲ್ಲ. ನಮ್ಮ ಮನೇಲಿ ಅಜ್ಜೀನ ಅವ್ವ ಅಂತಿದ್ವಿ. ನಿಮ್ಮ ಮಗನೂ ನಿಮ್ಮನ್ನ ಅವ್ವ ಅಂತಾರೆ, ಅದನ್ನೇ ಕೇಳಿ ಇದೂ ಕಲಿತಿದೆ. ಹೊತ್ತು ಹೆತ್ತವಳು ನಾನು, ಕೂಗೋದು ನಿಮ್ಮನ್ನ. ಹೊಟ್ಟೆ ಉರೀದೆ ಇರುತ್ತಾ? ನೀವೇ ಹೇಳಿ.

ನೀವು ಹೋದ ಮೇಲಾದ್ರೂ ನನ್ನ ಕಡೆ ತಿರುಗ್ತಾಳೆ ಅಂದ್ಕೊಂಡೆ. ಎಲ್ಲಿ? ಎದ್ರೆ ಅವ್ವ, ಬಿದ್ರೆ ಅವ್ವ. ಬಾಗಿಲಿಗೆ ಎತ್ಕೊಂಡು ಹೋಗಿ ತೋರಿಸ್ತೀನಿ, ನೋಡು ಪುಟ್ಟಿ, ಅವ್ವ ಇಲ್ಲ, ಹೊರಟುಹೋದ್ರು ಅಂತ. ಇನ್ನೂ ಜೋರಾಗಿ ಕಿರುಚ್ತಾಳೆ. ನನ್ನ ಕೈಲಿ ಆಗಲ್ಲ ಅತ್ತೆ. ಸಾಕಾಯ್ತು. ಸೋತೆ ಅಂತಲೇ ಅಂದ್ಕೊಳ್ಳಿ.

ತಗೊಳ್ಳಿ, ಎತ್ಕೊಳ್ಳಿ ನಿಮ್ಮ ಮೊಮ್ಮಗಳನ್ನ. ಹೋಗಮ್ಮ. ಅಗೋ, ಅಲ್ಲಿದ್ದಾರೆ ನೋಡು. ಅಯ್ಯೋ, ನನ್ನ ಕುತ್ತಿಗೆ ಬಿಡು... ಏನಂದೆ?

ನಿಮ್ಮನ್ನ ಆಯಿ ಅಂತಿದ್ದಾಳೆ.

ಆಯಿ ಅಂದ್ರೆ ನಿಮ್ಮ ಕಡೆ ಅಜ್ಜೀನಾ? ಹಾಗಾದ್ರೆ ಅವ್ವ ಯಾರು? ಯಾಕತ್ತೆ ಬೆರಳು ನನ್ನ ಕಡೆ ತೋರಿಸ್ತೀರಿ?

ನಾನಾ?

ಅಂದ್ರೆ... ಇವಳಿಗೆ ನೀವು ಆಯಿ. ಅವ್ವ ನಾನು. ಯಾರು ಹೇಳ್ಕೊಟ್ರು ಇವಳಿಗೆ? ನಾನು ಬೆನ್ನು ಹಾಕಿ ಹೊಲೀತಾ ಕೂತಾಗ ನೀವು ಹಿಂದಿನಿಂದ ನನ್ನನ್ನ ತೋರಿಸಿ...

ಕಣ್ಣು ಒರೆಸ್ಕೋಬೇಡಿ. ಮಾತಾಡಿ. ಇಷ್ಟೊತ್ತೂ ಯಾಕೆ ಒಂದು ಮಾತೂ... ಮಗು ಮುಂದೆ ಬೇಡ ಅಂದಿದ್ದೆ ಅಂತಾನಾ?

ಆಡಿ ಅತ್ತೆ. ನಿಮ್ಮ ಮಾತಲ್ಲೇ ಆಡಿ. ಇವಳೂ ಕೇಳ್ಲಿ, ನಾನೂ ಕಲೀತೀನಿ.