ಚಮಚದಿಂದ ಬಡಿದು ನೋಡಿದ ದೋಣಿ

ಹಲೋ... ಹಲೋ, ಯಾರು ಮಾತಾಡ್ತಿರೋದು? ಅತ್ತಿಗೆನಾ? ನಾನು ಅತ್ತಿಗೆ, ನಿಮ್ಮ ಮೈದುನ... ಹಾಂ, ಅವನೇ. ಇರೋದು ಒಬ್ಬನೇ ಅಲ್ವಾ.

...ಚೆನ್ನಾಗಿದ್ದೀನಿ. ಅಂದ್ರೆ, ಚೆನ್ನಾಗಿಲ್ಲ. ಅಣ್ಣ ಇದ್ದಾನಾ? ...ಸ್ನಾನ ಮಾಡ್ತಿದ್ದಾನಾ? ಅತ್ತಿಗೆ, ನಿಮ್ಮ ಹಿಂದೆ ಅವನು ಕೆಮ್ಮಿದ್ದು ಕೇಳಿಸ್ತು. ಬಚ್ಚಲುಮನೆ ಫೋನಿನ ಪಕ್ಕಕ್ಕೆ ಯಾವಾಗ ಬಂತು?

...ಗೊತ್ತು. ನಾಲ್ಕು ವರ್ಷದಿಂದ ನನ್ನ ಜೊತೆ ಮಾತಿಲ್ಲ. ಮಾತಾಡೋದೇನೂ ಬೇಡ, ಕೇಳಿಸ್ಕೊಂಡ್ರೆ ಸಾಕು ಅನ್ನಿ. ನಾನು ದೋಣಿ ರಿಪೇರಿ ಅಂಗಳದಲ್ಲಿ ನಿಂತಿದ್ದೀನಿ. ಎರಡು ಹಳೇ ಹಾಯಿದೋಣಿ ಮಾರಾಟಕ್ಕಿವೆ. ಒಂದು ಚಿಕ್ಕದು, ಒಂದು ಮಧ್ಯಮ ಗಾತ್ರದ್ದು. ಒಂದನ್ನ ಆರಿಸ್ಬೇಕು... ಬೇಡ ಅತ್ತಿಗೆ, ಎರಡು ದೋಣಿಯ ಆ ಮಾತು ನೀವೂ ಹೇಳ್ಬೇಡಿ. ಬೆಳಗ್ಗೆಯಿಂದ ಮೂರು ಜನ ಹೇಳಿ ನಕ್ಕಿದ್ದಾರೆ.

...ಆತುರ ಯಾಕಂದ್ರೆ, ಇಲ್ಲಿ ಇನ್ನೊಬ್ಬರು ಬಂದಿದ್ದಾರೆ. ಹಲ್ಲಿನ ಡಾಕ್ಟ್ರು. ಅರ್ಧ ಗಂಟೆಯಿಂದ ಎರಡರ ಹೊಟ್ಟೆ ಕೆಳಗೂ ಟಾರ್ಚ್ ಬಿಟ್ಟು ನೋಡ್ತಿದ್ದಾರೆ, ಬಾಯಿ ತೆಗೀರಿ ಅನ್ನೋದೊಂದು ಬಾಕಿ. ನಾನು ಬೇಡ ಅಂದದ್ದನ್ನ ಅವರು ಒಯ್ತಾರೆ. ಹತ್ತೂವರೆಗೆ ನಾನು ಬಾಯಿ ಬಿಡ್ಲಿಲ್ಲ ಅಂದ್ರೆ ಆಯ್ಕೆ ಅವರದೇ. ಈಗ ಹತ್ತೂ ಹದಿನೆಂಟು. ಫೋನಲ್ಲಿ ಚಾರ್ಜೂ ಅಷ್ಟಕ್ಕಷ್ಟೆ. ನಾನು ಕರಡು ತಿದ್ದೋ ಮನುಷ್ಯ ಅತ್ತಿಗೆ. ಕೊಂಬು ದೀರ್ಘದ ತಪ್ಪು ಕಾಣುತ್ತೆ, ಕೊಳೆತ ದೋಣಿ ಕಾಣಲ್ಲ. ಅದು ಗೊತ್ತಾಗೋದು ಅವನ ಕಿವಿಗೆ. ಫೋನು ಅವನ ಕಿವಿಗೆ ಹಿಡೀರಿ. ಕೈ ಮುಗೀತೀನಿ.

...ಅಣ್ಣಾ? ...ಉಸಿರು ಕೇಳಿಸ್ತಿದೆ, ನೀನೇ. ಏನೂ ಹೇಳ್ಬೇಡ. ಚಮಚ ತಂದಿದ್ದೀನಿ. ನೀನು ಹೇಳಿಕೊಟ್ಟ ಹಾಗೇ, ಸ್ಟೀಲಿಂದು. ಗಟ್ಟಿ ಇದ್ರೆ ಠಣ್ ಅನ್ನುತ್ತೆ, ಒಳಗೆ ನೀರು ಕುಡಿದಿದ್ರೆ ದಬ್ ಅನ್ನುತ್ತೆ, ಅಲ್ವಾ? ಮೊದಲು ಚಿಕ್ಕದು. ಮೂತಿಯಿಂದ ಶುರು ಮಾಡ್ತೀನಿ... ಕೇಳಿಸ್ತಾ? ...ಇದು ಪಕ್ಕ... ಇದು ಚುಕ್ಕಾಣಿ ಹತ್ರ...

...ಏನಂದೆ? ಒಳ್ಳೆ ದೋಣಿ? ಹಾಂ. ನಾಲ್ಕು ವರ್ಷಕ್ಕೆ ಎರಡು ಪದ, ಅದೂ ದೋಣಿಗೆ ಸಂದ್ವು. ಇರಲಿ.

...ಈಗ ಮಧ್ಯಮದ್ದು. ಪಕ್ಕ ಕೇಳು... ಚೆನ್ನಾಗಿದೆ ಅಲ್ವಾ? ...ಮೇಲೆ ಹತ್ತಬೇಕಾ? ತಾಳು. ಅಂಗಳದವರ ಏಣಿ ಇದೆ... ಹತ್ತಿದೆ. ಹಾಯಿಕಂಬದ ಬುಡದಲ್ಲಿ ಬಡೀತೀನಿ... ಅಯ್ಯೋ. ಇದು ನನ್ನ ಕಿವಿಗೂ ಗೊತ್ತಾಯ್ತು. ಹಲಸಿನಹಣ್ಣು ತಟ್ಟಿದ ಹಾಗಿದೆ.

...ಎಷ್ಟಗಲ ಅಂದ್ರೆ, ಒಂದು ಊಟದ ತಟ್ಟೆ. ಅಲ್ಲ, ಎರಡು ತಟ್ಟೆ.

...ಹೂಂ. ಹೂಂ. ನೀನು ಹೇಳೋದು ಸರಿ. ಚಿಕ್ಕದು ಗಟ್ಟಿ, ಅದಕ್ಕೆ ಒಬ್ಬ ಸಾಕು. ಕೂತಲ್ಲೇ ಕೂತು ಹಾಯಿನೂ ಎಳೀಬಹುದು, ಚುಕ್ಕಾಣಿನೂ ಹಿಡೀಬಹುದು... ಅದೇ ಅಣ್ಣ ನನ್ನ ಕಷ್ಟ. ಒಬ್ಬ ಸಾಕು.

...ಫೋನ್ ಇಡ್ಬೇಡ. ಇಡ್ಬೇಡ ಅಣ್ಣ, ದಮ್ಮಯ್ಯ.

...ಹೌದು, ಮಾರಿದೆ. ಇಬ್ಬರೂ ಕೂಡಿ ಕಟ್ಟಿದ ದೋಣಿನ ನಾನೊಬ್ಬನೇ ಮಾರಿದೆ. ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಿನ್ನನ್ನ ಒಂದು ಮಾತು ಕೇಳದೆ. ನಿನ್ನ ಸೊಂಟ ಕೊಯ್ದ ಡಾಕ್ಟ್ರು ನನ್ನನ್ನ ಹೊರಗೆ ಕರೆದು, ಇವರು ಇನ್ನು ನಡೆಯೋದು ಕಷ್ಟ ಅಂದ್ರು. ಆ ದೋಣಿಯ ಮುಖ ನೋಡೋ ಧೈರ್ಯ ನನಗಾಗ್ಲಿಲ್ಲ. ವಾರದಲ್ಲಿ ಸಾಗಹಾಕ್ದೆ. ನೀನು ನೋಡಿದ್ರೆ ಆರೇ ತಿಂಗಳಿಗೆ ಎದ್ದು ನಡೆದೆ. ನಡೆದವನು ಸೀದಾ ದೋಣಿ ನಿಲ್ಲೋ ದಕ್ಕೆಗೇ ಹೋದೆ. ಅಲ್ಲಿ ಹಗ್ಗ ಕಟ್ಟೋ ಗೂಟ ಮಾತ್ರ ಇತ್ತು... ಅಲ್ಲಪ್ಪಾ, ನೀನು ನಡೆದದ್ದು ತಪ್ಪು ಅಂತ ನಾನು ಯಾವಾಗ ಅಂದೆ?

...ಆ ದೋಣಿ ವಾಪಸ್ ಸಿಗಲ್ಲ. ಕೊಂಡವರನ್ನ ಮೂರು ಸಲ ಹೋಗಿ ಕೇಳಿದೆ. ಮೂರನೇ ಸಲ ನಾಯಿ ಬಿಟ್ರು.

...ಈಗ ಯಾಕೆ ಅಂತೀಯಾ? ನಿನ್ನ ಜೊತೆ ದೋಣಿಗೆ ಹೋಗದ ಭಾನುವಾರ ಏನು ಮಾಡೋದು ಅಂತ ತಿಳೀತಿಲ್ಲ ಅಣ್ಣ. ನಾಲ್ಕು ವರ್ಷದಿಂದ ತಿಳೀತಿಲ್ಲ. ಮನೇಲಿ ಕೂತು ಹಾಲಿನ ಪ್ಯಾಕೆಟ್ ಮೇಲಿನ ಅಕ್ಷರ ತಿದ್ತಿದ್ದೀನಿ.

...ಚಿಕ್ಕದನ್ನ ತಗೊಂಡು ನೆಮ್ಮದಿಯಾಗಿರು, ಅಷ್ಟೇನಾ? ...ಸರಿ. ಒಂದು ನಿಮಿಷ, ಹಾಗೇ ಇರು. ...ಡಾಕ್ಟ್ರೇ, ಇಲ್ಲಿ, ಮೇಲೆ. ಚಿಕ್ಕದು ನಿಮಗೇ ಇರಲಿ. ಹೌದು, ಖಂಡಿತ. ಅಂಗಳದವರಿಗೂ ಹೇಳ್ಬಿಡಿ. ...ಅಣ್ಣಾ, ಕೇಳಿಸ್ಕೊಂಡ್ಯಾ? ಚಿಕ್ಕದು ಹೋಯ್ತು. ಈಗ ನನಗೆ ಉಳಿದಿರೋದು ಇಬ್ಬರು ಬೇಕಾದ ದೋಣಿ, ಅದರ ನಡುವೆ ಎರಡು ತಟ್ಟೆಯಗಲ ಕೊಳೆತ ಜಾಗ. ಬೈಯೋದಿದ್ರೆ ಬೈ.

...ಬೈ ಅಣ್ಣ.

...ಅಣ್ಣಾ?

...ಏನು? ಎಷ್ಟು ಮೆಟ್ಟಿಲು ಅಂತಾ? ಹದಿನಾಲ್ಕೋ ಹದಿನೈದೋ ಇರಬೇಕು, ಅಂಗಳದವರದು ಎತ್ತರದ ಏಣಿ... ಅದಲ್ವಾ? ದೋಣಿಯದೇ ಏಣಿ, ಹಿಂದೆ ನೀರಿಗಿಳಿಯುತ್ತಲ್ಲ, ಅದಾ? ತಾಳು, ಹಿಂದಕ್ಕೆ ಹೋಗ್ತೀನಿ. ಬಿಚ್ಚಿ ಎಣಿಸ್ತೀನಿ. ಒಂದು... ಎರಡು... ಮೂರನೇದು ಅಲ್ಲಾಡ್ತಿದೆ... ನಾಲ್ಕು. ನಾಲ್ಕು ಅಣ್ಣ. ಅಂತರ? ಒಂದು ಗೇಣು, ಮೇಲೆ ಎರಡು ಬೆರಳು.

...ಹಿಡ್ಕೊಳ್ಳೋಕೆ ಕಂಬಿ ಇದೆ, ಒಂದೇ ಕಡೆ. ಎಡಗಡೆ. ಬೇಕಂದ್ರೆ ಬಲಗಡೆಗೂ ಹಾಕಿಸ್ತೀನಿ, ಇವತ್ತೇ ಹೇಳ್ತೀನಿ. ...ನೀನು ಬರೋವರೆಗೆ ದೋಣಿನ ಯಾರೂ ಮುಟ್ಟಬಾರದಾ? ಸರಿ, ಯಾರೂ ಮುಟ್ಟಲ್ಲ, ನಾನೂ ಮುಟ್ಟಲ್ಲ. ಚಾರ್ಜ್ ಮುಗೀತಾ ಬಂತು, ಇದೊಂದು ಹೇಳು ಅಣ್ಣ, ಹತ್ತುವಾಗ ಮೊದಲು ಯಾವ ಕಾಲು ಎತ್ತೋಕಾಗುತ್ತೆ ನಿನಗೆ, ಎಡಗಾಲೋ ಬಲ...